ಕಾಫಿ ಗೋದಾಮಿನಲ್ಲಿ 10 ಮೀಟರ್ ರೇಂಜ್: ಏರ್ ರೈಫಲ್ ಹೊಂದಿಸುವುದು, ಪೆಲೆಟ್ ಆರಿಸುವುದು ಹೇಗೆ?

ನಮ್ಮ ಕಡೆ ಮನೆಯಲ್ಲಿ ಕೋವಿ ಇರುವುದು ಹೊಸದೇನಲ್ಲ. ಮೂಡಿಗೆರೆ, ಸಕಲೇಶಪುರದ ಎಷ್ಟೋ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿದ ತೋಟಾ ಕೋವಿ ಇದೆ. ಚುನಾವಣೆ ಬಂತೆಂದರೆ ಸ್ಟೇಷನ್ನಿಗೆ ಒಯ್ದು ಒಪ್ಪಿಸುವುದು, ಮುಗಿದ ಮೇಲೆ ವಾಪಸ್ ತರುವುದು. ಹಾಗಾಗಿ ನಾನು ಏರ್ ರೈಫಲ್ ತಂದ ದಿನ ಪಕ್ಕದ ತೋಟದವರು ಕೇಳಿದ ಮೊದಲ ಪ್ರಶ್ನೆ ಇಷ್ಟೇ: "ಇದ್ರಲ್ಲಿ ಕಡವೆ ಬೀಳುತ್ತಾ ಮಾರಾಯ್ರೆ?"

ಬೀಳುವುದಿಲ್ಲ. ಬೀಳಿಸುವ ಹಾಗೂ ಇಲ್ಲ. ಕಡವೆ, ಜಿಂಕೆ, ಕಾಡುಕುರಿ ಯಾವುದನ್ನೂ ಶಿಕಾರಿ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಜೈಲಿಗೆ ಹೋಗುವ ಅಪರಾಧ. ಏರ್ ಗನ್ನಿನಿಂದ ಕಾಡುಹಕ್ಕಿ ಹೊಡೆದರೂ ಅದೇ ಕಥೆ. ನಮ್ಮ ಅಜ್ಜನ ಕಾಲದಲ್ಲಿ ಹಿತ್ತಾಳೆ ತೋಟಾಕ್ಕೆ ಮನೆಯಲ್ಲೇ ಮದ್ದು, ಚಿಲ್ಲು ತುಂಬುತ್ತಿದ್ದರಂತೆ. ಈಗ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಆದರೆ ಕೋವಿಯನ್ನು ಮೈಗೆ ಹೊಂದಿಸಿಕೊಳ್ಳುವುದು, ಗುಂಡು ಆರಿಸುವುದು, ಒಂದೇ ತೂತಿಗೆ ಮತ್ತೆ ಮತ್ತೆ ಹೊಡೆಯುವುದು, ಈ ಹುಚ್ಚು ಇದೆಯಲ್ಲ, ಅದನ್ನು ಪೂರ್ತಿ ತೀರಿಸಿಕೊಳ್ಳಲು 10 ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುವ ಏರ್ ರೈಫಲ್ ಸಾಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಕಂಚು ಗೆದ್ದದ್ದು ಇದೇ ಆಟದಲ್ಲಿ.

ನಾನು ಕೋಚ್ ಅಲ್ಲ. ಮಗಳಿಗೆ ಅಂತ ತಂದು, ಅವಳ ಜೊತೆ ನಾನೂ ಬಿದ್ದೆ. ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು

0.177 ಇಂಚು, ಅಂದರೆ 4.5 ಮಿ.ಮೀ. ಬೋರ್‌ನ (ನಳಿಗೆಯ ಒಳ ಅಗಲ), 20 ಜೌಲ್ ಮೀರದ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್ಲುಗಳ, ಅಂದರೆ ಸ್ಪರ್ಧೆಗೆಂದೇ ಮಾಡಿದವುಗಳ, ಶಕ್ತಿ ಇದರ ಅರ್ಧದಷ್ಟೂ ಇರುವುದಿಲ್ಲ. 0.53 ಗ್ರಾಂ ಪೆಲೆಟ್ (ಸೀಸದ ಪುಟ್ಟ ಗುಂಡು) ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋದರೆ 8 ಜೌಲ್‌ಗಿಂತ ಸ್ವಲ್ಪ ಕಡಿಮೆ. ಜಾಸ್ತಿ ಜೋರು ಇದ್ದರೆ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಕಾಗದ ಹರಿಯಲು ಜೋರು ಯಾಕೆ? ಬಿಲ್ ಮಾತ್ರ ಜೋಪಾನವಾಗಿಡಿ. ರೈಫಲ್ ಸಾಗಿಸುವಾಗ ಬ್ಯಾಗಿನೊಳಗೇ ಇರಲಿ. ನಿಮ್ಮ ಠಾಣೆಯಲ್ಲಿ ಒಂದು ಮಾತು ಹೇಳಿಟ್ಟರೆ ಚೆಕ್‌ಪೋಸ್ಟ್‌ನಲ್ಲಿ ರಗಳೆ ಇರುವುದಿಲ್ಲ.

ಎರಡು ಬಗೆಯ ರೈಫಲ್ ಸಿಗುತ್ತವೆ. ಒಂದು ಸ್ಪ್ರಿಂಗ್‌ನದು. ಪ್ರತಿ ಸಲ ಬಗ್ಗಿಸಿ ಎಳೆಯಬೇಕು, ಹೊಡೆದಾಗ ಒಳಗಿನ ಪಿಸ್ಟನ್ ಮುಂದೆ ನುಗ್ಗಿ ಕೋವಿಯೇ ಕುಪ್ಪಳಿಸುತ್ತದೆ. ಬೆಲೆ ಕಡಿಮೆ, ಕಲಿಯಲು ತೊಂದರೆಯಿಲ್ಲ. ಇನ್ನೊಂದು ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ಪಿಸಿಪಿ. ಕುಪ್ಪಳಿಸುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದೇಶಿ ಪಿಸಿಪಿಗಳೂ ಈಗ ಸಿಗುತ್ತವೆ. ವಾಲ್ಥರ್, ಫೈನ್‌ವೆರ್ಕ್‌ಬಾವ್, ಸ್ಟೈರ್ ಬೇಕೆಂದರೆ ಲಕ್ಷಗಳ ಲೆಕ್ಕ.

ನಾನು ಸೆಕೆಂಡ್‌ಹ್ಯಾಂಡ್ ಮ್ಯಾಚ್ ರೈಫಲ್ ತೆಗೆದುಕೊಂಡೆ. ಮಾರಿದವರು ಬ್ಯಾರಲ್ ತೋರಿಸಿದರು, ಟ್ರಿಗರ್ ತೋರಿಸಿದರು, ನಾನು ತಲೆಯಾಡಿಸಿದೆ. ಮನೆಗೆ ಬಂದು ಸಿಲಿಂಡರಿನ ಮೇಲಿನ ಸಣ್ಣ ಅಕ್ಷರ ಓದಿದಾಗ ಅದರ ಅವಧಿಗೆ ಉಳಿದಿದ್ದದ್ದು ಎರಡೇ ತಿಂಗಳು! ಈ ಸಿಲಿಂಡರುಗಳಿಗೆ ಸಾಮಾನ್ಯವಾಗಿ 10 ವರ್ಷದ ಆಯುಷ್ಯ. ಅವಧಿ ಮೀರಿದ್ದನ್ನು ಸ್ಪರ್ಧೆಯಲ್ಲಿ ಒಳಗೇ ಬಿಡುವುದಿಲ್ಲ. ಅದಿರಲಿ, 200 ಬಾರ್ ಒತ್ತಡದ ಹಳೇ ಸಿಲಿಂಡರನ್ನು ಕೆನ್ನೆ ಪಕ್ಕ ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ? ಮೊದಲು ತಾರೀಕು ಓದಿ, ಆಮೇಲೆ ಬೆಲೆ ಮಾತಾಡಿ.

ರೇಂಜ್ ಕಟ್ಟುವುದು

10 ಮೀಟರ್ ಅಂದರೆ 33 ಅಡಿಗೆ ಎರಡು ಇಂಚು ಕಡಿಮೆ. ನೀವು ನಿಲ್ಲಲು, ಹಿಂದೆ ಒಬ್ಬರು ಓಡಾಡಲು, ಗುರಿಪೆಟ್ಟಿಗೆ ಇಡಲು ಜಾಗ ಸೇರಿ 42 ಅಡಿ ಉದ್ದ ಇದ್ದರೆ ಆರಾಮ. ಕಾಫಿ ಗೋದಾಮು ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದೇ ತೊಂದರೆ, ಡಿಸೆಂಬರ್ ಬಂತೆಂದರೆ ಅರೇಬಿಕಾ ಮೂಟೆ, ಅದರ ಹಿಂದೆಯೇ ರೋಬಸ್ಟಾ. ಆಗ ನಮ್ಮ ರೇಂಜ್ ಮೂಟೆಗಳ ನಡುವಿನ ಓಣಿಯಾಗುತ್ತದೆ. ಆ ಮೂರು ತಿಂಗಳು ಗುಂಡಿಲ್ಲದ ಅಭ್ಯಾಸ. ಅದರ ಮಾತು ಮುಂದೆ ಬರುತ್ತದೆ.

ನಿಲ್ಲುವ ಗೆರೆಯಿಂದ ಗುರಿ ಕಾಗದದ ಮುಖದವರೆಗೆ ಟೇಪ್ ಹಿಡಿದು ಅಳೆಯಿರಿ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ನೀವು ನಿಲ್ಲುವ ನೆಲದಿಂದ ಅಳೆಯಬೇಕು, ಗುರಿಯ ಕೆಳಗಿನ ನೆಲದಿಂದಲ್ಲ. ನಮ್ಮ ಗೋದಾಮಿನ ನೆಲ ನೀರು ಹರಿಯಲಿ ಅಂತ ಇಳಿಜಾರು. ಇದು ಗೊತ್ತಾಗದೆ ಒಂದು ತಿಂಗಳು ಮಗಳು ಕೆಳಗಿನ ಗುರಿಗೆ ಬಗ್ಗಿ ಹೊಡೆದಳು.

ಗುರಿಪೆಟ್ಟಿಗೆಯನ್ನು ನಮ್ಮೂರಿನ ಬಡಗಿಯೇ ಮಾಡಿಕೊಟ್ಟರು. ಒಂದೂವರೆ ಅಡಿ ಚೌಕ, ಎಂಟು ಇಂಚು ಆಳ. ಹಿಂಬದಿಗೆ 3 ಮಿ.ಮೀ. ಕಬ್ಬಿಣದ ತಗಡು. ಒಳಗೆ ಹಳೇ ಬಟ್ಟೆಯನ್ನು ಒನಕೆಯಲ್ಲಿ ಜಡಿದ ಹಾಗೆ ಗಟ್ಟಿಯಾಗಿ ತುಂಬಿ. ಮುಂದೆ ರಟ್ಟು, ಅದರ ಮೇಲೆ ಗುರಿ ಕಾಗದ. ಬಟ್ಟೆ ಸಡಿಲಾದರೆ ಪೆಲೆಟ್ ತಗಡಿಗೆ ಬಡಿದು ವಾಪಸ್ ಬರುತ್ತದೆ. ಟಣ್ ಅಂತ ಸದ್ದು ಕೇಳಿದ ದಿನವೇ ತೆರೆದು ಮತ್ತೆ ತುಂಬಬೇಕು. ಹೊಡೆಯುವವರು, ನೋಡುವವರು, ಎಲ್ಲರಿಗೂ ಕನ್ನಡಕ ಕಡ್ಡಾಯ.

ಪೆಟ್ಟಿಗೆಯ ಹಿಂದೆ ಗಟ್ಟಿ ಗೋಡೆ ಇರಲಿ, ಬಾಗಿಲು ಇರಬಾರದು. ಗೋದಾಮು ಅಂದಮೇಲೆ ಕೆಲಸದವರು ಚೀಲ ಬೇಕು, ಕತ್ತಿ ಬೇಕು ಅಂತ ಬಂದೇ ಬರುತ್ತಾರೆ. ನಾವು ಒಳಗಿಂದ ಚಿಲಕ ಹಾಕುತ್ತೇವೆ, ಹೊರಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ಬಟ್ಟೆ ಇದ್ದರೆ ಕೂಗಬೇಕು, ನಾವು ಕೋವಿ ಕೆಳಗಿಟ್ಟು ಬಾಗಿಲು ತೆಗೆಯಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಬೆಳಕು ಗುರಿಯ ಮೇಲೆ ಬೀಳಬೇಕು, ನಿಮ್ಮ ಕಣ್ಣಿಗೆ ಹೊಡೆಯಬಾರದು. ಸ್ಪರ್ಧೆಯ ರೇಂಜ್‌ಗಳಲ್ಲಿ ಗುರಿಯ ಮೇಲೆ ಕನಿಷ್ಠ 1500 ಲಕ್ಸ್ ಕೇಳುತ್ತಾರೆ. ಎರಡು ಎಲ್‌ಇಡಿ ದೀಪಗಳನ್ನು ಎಡಬಲಕ್ಕೆ ಇಟ್ಟು, ಮುಂದೆ ರಟ್ಟಿನ ಮರೆ ಕಟ್ಟಿ ನಾವು ಸುಧಾರಿಸಿದ್ದೇವೆ.

ಕೋವಿ ಮೈಗೆ ಬರಬೇಕು, ಮೈ ಕೋವಿಗೆ ಹೋಗಬಾರದು

ಇಲ್ಲಿ ಆತುರ ಬೇಡ. ಹೊಸಬರು ಸೈಟ್, ಅಂದರೆ ಗುರಿ ನೋಡುವ ಭಾಗ, ತಿರುಗಿಸುವುದರಿಂದ ಶುರುಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಅದು ಕೊನೆಯ ಕೆಲಸ.

ಮೊದಲು ಕೋವಿ ಇಲ್ಲದೆ ನಿಲ್ಲಿ. ಬಲಗೈಯವರಾದರೆ ಎಡ ಭುಜ ಗುರಿಯ ಕಡೆ. ಕಾಲುಗಳ ನಡುವೆ ಭುಜದಷ್ಟು ಅಂತರ. ಮಂಡಿ ನೇರ, ಆದರೆ ಬಿಗಿ ಬೇಡ. ಈಗ ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಅಥವಾ ಅದರ ಹತ್ತಿರದ ಪಕ್ಕೆಗೆ ಕೂರಿಸಿ. ಕೋವಿಯ ತೂಕ ಮೂಳೆಯ ಮೇಲಿಂದ ನೆಲಕ್ಕೆ ಇಳಿಯಬೇಕು. ತೋಳಿನ ಬಲದಿಂದ ಎತ್ತಿ ಹಿಡಿದರೆ ಹತ್ತು ಗುಂಡಿಗೇ ನಡುಕ ಬರುತ್ತದೆ. ಸ್ಪರ್ಧೆಯಲ್ಲಿ 60 ಗುಂಡು ಹೊಡೆಯಬೇಕು, ರೈಫಲ್ ಐದೂವರೆ ಕೆ.ಜಿ.ವರೆಗೂ ಇರಬಹುದು.

ಆಮೇಲೆ ಬಟ್‌ಪ್ಲೇಟ್, ಅಂದರೆ ಕೋವಿಯ ಹಿಂತುದಿಯಲ್ಲಿ ಭುಜಕ್ಕೆ ಒರಗುವ ತಟ್ಟೆ. ಕೋವಿ ಹಿಡಿದಾಗ ನಿಮ್ಮ ತಲೆ ನೆಟ್ಟಗೆ ಉಳಿಯಬೇಕು. ತಲೆ ಬಗ್ಗಿದರೆ ಬಟ್‌ಪ್ಲೇಟನ್ನು ಕೆಳಕ್ಕೆ ಇಳಿಸಿ, ಆಗ ಕೋವಿ ಮೇಲೆ ಬರುತ್ತದೆ. ಉದ್ದ ನೋಡುವುದು ಹೀಗೆ: ಟ್ರಿಗರ್ ಮೇಲೆ ಬೆರಳ ತುದಿಯ ಮೆತ್ತನೆ ಭಾಗ ತಾನಾಗಿ ಬಂದು ಕೂರಬೇಕು. ಚಾಚಬೇಕಾದರೆ ಉದ್ದ ಜಾಸ್ತಿ, ಮಣಿಕಟ್ಟು ಮಡಚಬೇಕಾದರೆ ಉದ್ದ ಕಡಿಮೆ.

ಇನ್ನು ಕೆನ್ನೆಯ ಹಲಗೆ. ನನ್ನ ಅನುಭವದಲ್ಲಿ ಅರ್ಧ ಅಂಕ ಇಲ್ಲೇ ಹೋಗುವುದು. ಮಗಳು ಕೋವಿ ಎತ್ತಿದಾಗ ಅವಳ ಕುತ್ತಿಗೆಯ ಬಲಬದಿಯ ನರ ಎದ್ದು ಕಾಣುತ್ತಿತ್ತು. ಕೇಳಿದರೆ "ಸರಿ ಇದೆ ಅಪ್ಪಾ" ಅನ್ನುತ್ತಿದ್ದಳು. ಒಂದು ದಿನ ಕಣ್ಣು ಮುಚ್ಚಲು ಹೇಳಿದೆ. ಕಣ್ಣು ಮುಚ್ಚಿಯೇ ಕೋವಿ ಎತ್ತು, ತಲೆಯ ಭಾರವನ್ನು ಹಲಗೆಯ ಮೇಲೆ ಬಿಡು, ಎರಡು ಸಲ ಉಸಿರಾಡು, ಈಗ ತೆರೆ. ತೆರೆದಳು. "ಕತ್ತಲೆ" ಅಂದಳು. ತಲೆ ಆರಾಮವಾಗಿ ಕೂತಾಗ ಅವಳ ಕಣ್ಣು ಹಿಂದಿನ ಸೈಟಿನ ತೂತಿಗಿಂತ ಕೆಳಗಿತ್ತು. ಅಷ್ಟು ದಿನ ಕುತ್ತಿಗೆ ಬಿಗಿಹಿಡಿದು ಕಣ್ಣನ್ನು ಮೇಲೆತ್ತಿಕೊಂಡಿದ್ದಳು. ಹಲಗೆಯನ್ನು ಒಂದು ಬಾರಿಗೆ 2 ಮಿ.ಮೀ.ನಂತೆ ಏರಿಸುತ್ತಾ ಹೋದೆವು. 6 ಮಿ.ಮೀ. ಏರಿಸಿದ ಮೇಲೆ ಕಣ್ಣು ತೆರೆದ ಕೂಡಲೇ ಗುರಿ ನಡುವಿಗೇ ಕಂಡಿತು. ಕುತ್ತಿಗೆಯ ನರ ಮಾಯವಾಗಿತ್ತು. ನಿಮಗೂ ಹೀಗೆ ಪರೀಕ್ಷೆ ಮಾಡಲು ಪಕ್ಕದಲ್ಲಿ ಒಬ್ಬರು ಬೇಕು, ಇಲ್ಲವೇ ಮೊಬೈಲ್ ನಿಲ್ಲಿಸಿ ವಿಡಿಯೋ ಮಾಡಿ. ತನ್ನ ಕುತ್ತಿಗೆ ತನಗೆ ಕಾಣುವುದಿಲ್ಲ ನೋಡಿ.

ಈಗ ಮೈ ಸಹಜವಾಗಿ ಎಲ್ಲಿಗೆ ತಿರುಗಿದೆ ಅಂತ ನೋಡಬೇಕು. ಕೋವಿ ಎತ್ತಿ, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮೈ ಸಡಿಲಿಸಿ. ಕಣ್ಣು ತೆರೆದಾಗ ಗುರಿಯ ಬಲಕ್ಕೆ ನೋಡುತ್ತಿದ್ದರೆ ಕೈಯಿಂದ ಎಡಕ್ಕೆ ಎಳೆಯಬೇಡಿ. ಪಾದ ಸರಿಸಿ. ಎತ್ತರ ಕಡಿಮೆಯಾದರೆ ಎಡಗೈ ಹಿಡಿತದ ಜಾಗ ಹಿಂದೆ ಮುಂದೆ ಮಾಡಿ. ಸರಿಯಾದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗುರುತು ಹಾಕಿಬಿಡಿ.

ಸೈಟ್ ಮತ್ತು ಟ್ರಿಗರ್

ಮ್ಯಾಚ್ ರೈಫಲ್‌ನಲ್ಲಿ ದುರ್ಬೀನು ಇರುವುದಿಲ್ಲ. ಹಿಂದೆ ಸಣ್ಣ ತೂತಿನ ಡಯಾಪ್ಟರ್, ಮುಂದೆ ಒಂದು ಉಂಗುರ. ತೂತಿನ ನಡುವೆ ಉಂಗುರ, ಉಂಗುರದ ನಡುವೆ ಕಪ್ಪು ಗುರಿ. ಕಪ್ಪು ಭಾಗದ ಅಗಲ 30.5 ಮಿ.ಮೀ., ಅದರ ನಡುವಿನ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಚುಕ್ಕೆ ಕಾಣುವುದೇ ಇಲ್ಲ, ಕಾಣಬೇಕಾಗಿಯೂ ಇಲ್ಲ. ಕಪ್ಪಿನ ಸುತ್ತ ಬಿಳಿ ಬಳೆ ಒಂದೇ ದಪ್ಪ ಕಂಡರೆ ಆಯಿತು.

ಹೊಸಬರು ಸಣ್ಣ ಉಂಗುರ ಹಾಕಿದರೆ ಗುರಿ ನಿಖರವಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಬಿಳಿ ಬಳೆ ತೀರಾ ತೆಳುವಾದರೆ ಕಣ್ಣು ದಣಿಯುತ್ತದೆ, ಬೆರಳು ಹೆದರುತ್ತದೆ. 4.2 ಮಿ.ಮೀ. ಉಂಗುರದಿಂದ ಶುರುಮಾಡಿ. ಹಿಂದಿನ ಸೈಟನ್ನು ಕಣ್ಣಿಗೆ ಅಂಟಿಸದೆ ಕೆಲವು ಸೆಂ.ಮೀ. ದೂರದಲ್ಲಿಡಿ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಮುಖ ಬಿಗಿಯುತ್ತದೆ. ಆ ಕಣ್ಣಿನ ಎದುರಿಗೆ 3 ಸೆಂ.ಮೀ. ಅಗಲದ ಬಿಳಿ ಪಟ್ಟಿ ಅಂಟಿಸಿ.

ಸೈಟಿನ ಒಂದು ಕ್ಲಿಕ್‌ಗೆ ಗುಂಡು ಎಷ್ಟು ಸರಿಯುತ್ತದೆ ಅಂತ ಪುಸ್ತಕ ನೋಡುವ ಬದಲು ನೀವೇ ಅಳೆಯಿರಿ. ಮೇಜಿನ ಮೇಲೆ ಮರಳುಚೀಲಕ್ಕೆ ಕೋವಿ ಒರಗಿಸಿ ಐದು ಗುಂಡು ಹೊಡೆಯಿರಿ. ಬಲಕ್ಕೆ 20 ಕ್ಲಿಕ್ ತಿರುಗಿಸಿ ಇನ್ನೈದು. ಎರಡು ಗುಂಪುಗಳ ನಡುವಿನ ದೂರವನ್ನು 20ರಿಂದ ಭಾಗಿಸಿ. ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.

ಟ್ರಿಗರ್ ವಿಷಯ ಬೇಗ ಮುಗಿಸುತ್ತೇನೆ. ಮ್ಯಾಚ್ ಟ್ರಿಗರ್ 100 ಗ್ರಾಂ ಆಸುಪಾಸಿಗೆ ಬೀಳುತ್ತದೆ. ಕಲಿಯುವಾಗ ಅದಕ್ಕಿಂತ ಸ್ವಲ್ಪ ಗಟ್ಟಿ ಇರಲಿ. ಎರಡು ಹಂತ ಸ್ಪಷ್ಟವಾಗಿ ಬೆರಳಿಗೆ ಗೊತ್ತಾಗಬೇಕು: ಮೊದಲು ಸಲೀಸಾಗಿ ಹೋಗಿ ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಒಂಚೂರು ಒತ್ತಿದರೆ ಹೊಡೆಯುತ್ತದೆ.

ಪೆಲೆಟ್ ಆರಿಸುವುದು

ಅಜ್ಜನ ತೋಟಾ ತುಂಬುವ ಕೆಲಸಕ್ಕೆ ನಮ್ಮಲ್ಲಿ ಬದಲಿ ಅಂದರೆ ಇದೇ. ಮಳೆಗಾಲದ ಸಂಜೆಗೆ ಒಳ್ಳೆಯ ಕೆಲಸ.

ಕಾಗದಕ್ಕೆ ಹೊಡೆಯಲು ಚಪ್ಪಟೆ ತಲೆಯ ಪೆಲೆಟ್ ಬೇಕು. ಚೂಪು ತಲೆಯದು ಹರಿದ ತೂತು ಮಾಡುತ್ತದೆ, ಚಪ್ಪಟೆಯದು ಪಂಚಿಂಗ್ ಮಷಿನ್‌ನ ಹಾಗೆ ದುಂಡಗೆ ಕತ್ತರಿಸುತ್ತದೆ. ಅಂಕ ಎಣಿಸಲು ಸುಲಭ. ತಲೆಯ ಅಳತೆ 4.48, 4.49, 4.50, 4.51 ಮಿ.ಮೀ. ಹೀಗೆ ಬೇರೆ ಬೇರೆ ಬರುತ್ತದೆ. ನಿಮ್ಮ ಬ್ಯಾರಲ್‌ಗೆ ಯಾವುದು ಒಗ್ಗುತ್ತದೆ ಅನ್ನುವುದು ಹೊಡೆದು ನೋಡಿದರೆ ಮಾತ್ರ ಗೊತ್ತು. ಪಕ್ಕದ ಮನೆಯವರ ಅದೇ ಕಂಪನಿಯ ರೈಫಲ್‌ಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಲೇಬೇಕೆಂದಿಲ್ಲ.

ಡಬ್ಬಿಯನ್ನು ಸ್ಟೀಲ್ ತಟ್ಟೆಗೆ ಮೆಲ್ಲಗೆ ಸುರಿಯಿರಿ. ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಬೆರಳಲ್ಲಿ ಉರುಳಿಸುತ್ತಾ ನೋಡಿ. ಹಿಂದಿನ ಲಂಗದಂಥ ಅಂಚು ನಗ್ಗಿದ್ದರೆ ಪಕ್ಕಕ್ಕೆ. ಬಿಳಿ ಪುಡಿ ಹಿಡಿದಿದ್ದರೆ, ಅದು ಸೀಸಕ್ಕೆ ತೇವ ಹಿಡಿದ ಗುರುತು, ಅದೂ ಪಕ್ಕಕ್ಕೆ. ನಮ್ಮ ಆಷಾಢದ ಥಂಡಿಗೆ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಎರಡೇ ತಿಂಗಳಲ್ಲಿ ಬೆಳ್ಳಗಾಗಿತ್ತು.

ಆಮೇಲೆ ತೂಕ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು, ಆದರೆ ಮಿಲಿಗ್ರಾಂ ತೋರಿಸಬೇಕು. ಫ್ಯಾನ್ ಆರಿಸಿ. ಹತ್ತು ತೂಕಕ್ಕೊಮ್ಮೆ ಸೊನ್ನೆ ಮಾಡಿಕೊಳ್ಳಿ. ಹೆಚ್ಚಿನವು ಒಂದು ತೂಕದ ಸುತ್ತ ಗುಂಪುಗೂಡುತ್ತವೆ. ಅದಕ್ಕಿಂತ ದೂರ ಇರುವವನ್ನು ಅಭ್ಯಾಸಕ್ಕೆ ಇಡಿ. ನಿಜ ಹೇಳಬೇಕೆಂದರೆ, ಒಳ್ಳೆ ಕಂಪನಿಯ ಡಬ್ಬಿಯಲ್ಲಿ ತೂಗಿ ಸಿಗುವ ಲಾಭ ಕಡಿಮೆ. ನಗ್ಗಿದ್ದನ್ನು ತೆಗೆಯುವುದರಿಂದ, ಸರಿಯಾದ ತಲೆಯ ಅಳತೆ ಹುಡುಕುವುದರಿಂದ ಸಿಗುವುದೇ ಜಾಸ್ತಿ.

ಹುಡುಕುವುದು ಹೀಗೆ. ಮರಳುಚೀಲದ ಮೇಲೆ ಒರಗಿಸಿ, ಒಂದೊಂದು ಅಳತೆಯಲ್ಲಿ ಹತ್ತತ್ತು ಗುಂಡು, ಪ್ರತಿ ಗುಂಪಿಗೂ ಹೊಸ ಕಾಗದ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಲ್ಲಿ ಅಳೆದು 4.5 ಕಳೆಯಿರಿ. ಉಳಿದದ್ದು ಗುಂಪಿನ ಹರಡು. ಇದು ಯಾಕೆ ಮುಖ್ಯ ಅಂದರೆ, ಪೆಲೆಟ್ಟಿನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು ಅಂಕ. ಅಂದರೆ ನಿಮಗಿರುವುದು 5 ಮಿ.ಮೀ. ಅಗಲದ ವೃತ್ತ. ಪೆಲೆಟ್ಟೇ 3 ಮಿ.ಮೀ. ಹರಡಿದರೆ ನಿಮ್ಮ ಕೈ ನಡುಕಕ್ಕೆ ಉಳಿಯುವ ಜಾಗ ಎಷ್ಟು, ನೀವೇ ಲೆಕ್ಕ ಹಾಕಿ. ಒಂದೇ ಗುಂಪು ನೋಡಿ ತೀರ್ಮಾನ ಮಾಡಬೇಡಿ. ಬೇರೆ ಬೇರೆ ದಿನ ಮೂರು ಸಲವಾದರೂ ಹೊಡೆಯಿರಿ.

ಸೀಸ ವಿಷ. ತಟ್ಟೆ ಇದಕ್ಕೇ ಮೀಸಲಿರಲಿ, ಮತ್ತೆ ಅಡುಗೆಮನೆಗೆ ಹೋಗಬಾರದು. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಕೈ ಸೋಪಿನಲ್ಲಿ ತೊಳೆದ ಮೇಲೇ ಕಾಫಿ ಲೋಟ ಮುಟ್ಟಿ. ಪೆಟ್ಟಿಗೆಯಲ್ಲಿ ಉಳಿದ ಸೀಸವನ್ನು ತೋಟಕ್ಕೆ ಎಸೆಯದೆ ಗುಜರಿಗೆ ಕೊಡಿ.

ಗಾಳಿ, ಮಳೆ, ತುಕ್ಕು

ಪಿಸಿಪಿ ಸಿಲಿಂಡರನ್ನು 200 ಬಾರ್‌ವರೆಗೆ ತುಂಬಿಸಬೇಕು. ಕೈ ಪಂಪ್ ಇದ್ದರೆ 50 ಸಲ ಒತ್ತಿ, ಹತ್ತು ನಿಮಿಷ ಆರಲು ಬಿಡಿ. ಬಿಸಿಯಾದ ಪಂಪ್ ಮಲೆನಾಡಿನ ತೇವದ ಗಾಳಿಯಿಂದ ನೀರು ಹಿಂಡುತ್ತದೆ. ಆ ನೀರು ಸಿಲಿಂಡರಿನೊಳಗೆ ಹೋದರೆ ತುಕ್ಕು. ಪಂಪಿನ ಫಿಲ್ಟರಿನಲ್ಲಿ ತೇವ ಹೀರುವ ಕಾಳು ಬಣ್ಣ ತಿರುಗಿದ ಕೂಡಲೇ ಬದಲಿಸಿ. ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ವೆಲ್ಡಿಂಗ್ ಅಂಗಡಿಯ ಅಥವಾ ಆಸ್ಪತ್ರೆಯ ಆಮ್ಲಜನಕ ಯಾವತ್ತೂ ತುಂಬಿಸಬಾರದು. ಆ ಒತ್ತಡದಲ್ಲಿ ಆಮ್ಲಜನಕಕ್ಕೆ ಎಣ್ಣೆ, ಗ್ರೀಸ್ ಸೇರಿದರೆ ಸ್ಫೋಟ. ಗಾಳಿ ಹಾಯುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡುವವರೂ ಇದ್ದಾರೆ, ಅದೂ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಫಲ್ಲನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಸ್ಪಂಜು ತೇವ ಹೀರಿ ಹಿಡಿದಿಡುತ್ತದೆ. ಬೀಗ ಇರುವ ಮರದ ಬೀರು, ಒಳಗೆ ಸಣ್ಣ ಬಲ್ಬ್, ಸಿಲಿಕಾ ಜೆಲ್ ಪೊಟ್ಟಣ. ಹೊಡೆದ ಮೇಲೆ ಬೆವರು ತಾಗಿದ ಕಬ್ಬಿಣವನ್ನು ಸ್ವಲ್ಪ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ. ಬ್ಯಾರಲ್ ಒಳಗೆ ಮಾತ್ರ ಎಣ್ಣೆ ಬೇಡ, ಸುಮಾರು 500 ಗುಂಡಿಗೊಮ್ಮೆ ಫೆಲ್ಟ್ ಉಂಡೆ ಹಾಯಿಸಿದರೆ ಸಾಕು.

ಏನು ಮೊದಲು ಕೊಳ್ಳಬೇಕು

ಗ್ಲೌಸ್, ಕೋವಿ ಇಡುವ ಸ್ಟ್ಯಾಂಡ್, ಚಪ್ಪಟೆ ಅಡಿಯ ಶೂ. ಇಷ್ಟೇ. ಗಡುಸಾದ ಶೂಟಿಂಗ್ ಜಾಕೆಟ್ ಬೆನ್ನಿಗೆ ಆಸರೆ ಕೊಡುತ್ತದೆ ನಿಜ, ಆದರೆ ನಿಲ್ಲುವ ಭಂಗಿ ಗಟ್ಟಿಯಾಗುವ ಮೊದಲೇ ಹೊಲಿಸಿದರೆ ತಪ್ಪು ಭಂಗಿಗೇ ಅಳತೆ ಕೊಟ್ಟ ಹಾಗೆ. ಬೆಳೆಯುವ ಮಕ್ಕಳಿಗಂತೂ ಆರು ತಿಂಗಳು ಕಾಯಿರಿ. ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿಯುತ್ತದೆ, ಮಡಚದೆ ನೇತುಹಾಕಿ.

ಗುಂಡಿಲ್ಲದ ಅಭ್ಯಾಸ, ಮತ್ತೆ ನೋಟ್‌ಬುಕ್

ಮ್ಯಾಚ್ ರೈಫಲ್‌ಗಳಲ್ಲಿ ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಬೀಳುವ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಕೋವಿಯಲ್ಲಿ ಖಾಲಿ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತದೆ. ದಿನಾ 20 ನಿಮಿಷ, ಬಿಳಿ ಗೋಡೆಗೆ ಗುರಿಯಿಟ್ಟು ಟ್ರಿಗರ್ ಒತ್ತಿ. ಒತ್ತಿದ ಮೇಲೂ ಎರಡು ಸೆಕೆಂಡ್ ಹಾಗೇ ನಿಂತು ಉಂಗುರ ಎತ್ತ ಅಲುಗಿತು ಅಂತ ನೋಡಿ. ಗೋಡೆಯ ಮೇಲೆ ಗುರಿ ಇರುವುದಿಲ್ಲವಲ್ಲ, ಕಣ್ಣು ಆಸೆ ಬೀಳುವುದಿಲ್ಲ. ಬೆರಳಿನ ತಪ್ಪು ಬಯಲಾಗುತ್ತದೆ. ಮೂಟೆ ತುಂಬಿದ ತಿಂಗಳುಗಳಲ್ಲಿ ನಾವು ಇದನ್ನೇ ಮಾಡುವುದು, ಮೂಟೆ ಖಾಲಿಯಾಗಿ ಮತ್ತೆ ಗುಂಡು ಹಾಕಿದಾಗ ಮಗಳ ಅಂಕ ಇಳಿದಿರುವುದಿಲ್ಲ.

ನೋಟ್‌ಬುಕ್ ಯಾಕೆ ಅಂದರೆ, ಹೋದ ವರ್ಷ ಒಂದು ಸ್ಪರ್ಧೆಗೆ ನಾಲ್ಕು ದಿನ ಇರುವಾಗ ನಾನು ಅವಳ ರೈಫಲ್‌ಗೆ ಹೊಸ ಉಂಗುರ ಹಾಕಿದೆ, ಬಟ್‌ಪ್ಲೇಟ್ ಒಂದು ಬೆರಳು ಇಳಿಸಿದೆ, ಪೆಲೆಟ್ಟೂ ಬದಲಿಸಿದೆ. ಎಲ್ಲಾ ಒಂದೇ ಸಂಜೆ. ಗುಂಪು ಎಡಕ್ಕೆ ಹೋಯಿತು. ಮೂರರಲ್ಲಿ ಯಾವುದರಿಂದ ಅಂತ ಗೊತ್ತಾಗಲಿಲ್ಲ. ಹಳೆಯ ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ, ವಾಪಸ್ ಹೋಗಲೂ ದಾರಿಯಿಲ್ಲ. ಅವಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಈಗ ಒಂದು ವಾರಕ್ಕೆ ಒಂದೇ ಬದಲಾವಣೆ. ತಾರೀಕು, ಏನು ಬದಲಾಯಿತು, ಎಷ್ಟು ಮಿ.ಮೀ., ಗುಂಪಿನ ಹರಡು. ಬರೆಯುವುದು ಅವಳು, ಸ್ಕ್ರೂಡ್ರೈವರ್ ಇರುವ ಡ್ರಾಯರಿನ ಬೀಗದ ಕೈಯೂ ಅವಳ ಹತ್ತಿರವೇ ಇದೆ.